ಗಡಿಸೀಮೆಯ ಹೆಣ್ಣುಬದುಕು ಮತ್ತು ಕಲಬುರಗಿಯ ಕಾದಂಬರಿ

ನೆಬ್ರಾಸ್ಕದ ಬಯಲಿಗೆ ವಲಸೆ ಬಂದ ಯುವತಿಯ ಬಾಳನ್ನು ಅಮೆರಿಕದ ವಿಲ್ಲಾ ಕ್ಯಾಥರ್ 1918ರ ‘ಮೈ ಆಂಟೋನಿಯಾ’ದಲ್ಲಿ ಚಿತ್ರಿಸಿದರೆ, ಕನ್ನಡದ ಈಶಾನ್ಯ ಗಡಿಯ ದುಡಿಯುವ ಹೆಣ್ಣುಮಕ್ಕಳಿಗೆ ಕಾದಂಬರಿಯಲ್ಲಿ ನೆಲೆ ಕೊಟ್ಟವರು ಕಲಬುರಗಿ ಸಮೀಪದ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ ಗೀತಾ ನಾಗಭೂಷಣ. ಕಲಬುರಗಿ ಸೀಮೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದು, ಆಡಳಿತವೂ ಶಿಕ್ಷಣವೂ ಉರ್ದುವಿನಲ್ಲಿ ನಡೆಯುತ್ತಿದ್ದುದರಿಂದ ಬಡ ಕನ್ನಡ ಕುಟುಂಬಗಳ ಹೆಣ್ಣುಮಕ್ಕಳಿಗೆ ಓದು ಕೈಗೆಟುಕದ ಮಾತಾಗಿತ್ತು. 1948ರ ಸೆಪ್ಟೆಂಬರಿನಲ್ಲಿ ‘ಪೊಲೀಸ್ ಕಾರ್ಯಾಚರಣೆ’ಯಿಂದ, ಅಂದರೆ ಭಾರತ ಸೇನೆಯ ಪ್ರವೇಶದಿಂದ, ಸಂಸ್ಥಾನವು ಒಕ್ಕೂಟದಲ್ಲಿ ವಿಲೀನವಾಗಿ, 1956ರಲ್ಲಿ ಈ ಭಾಗ ಮೈಸೂರು ರಾಜ್ಯಕ್ಕೆ ಸೇರಿತು. ಗಿರಣಿ ಕಾರ್ಮಿಕರ ಮಗಳಾಗಿ ಬೆಳೆದ ಗೀತಾ, ತಳಸಮುದಾಯದ ಹೆಂಗಸರ ಹಸಿವು, ದುಡಿಮೆ ಮತ್ತು ಛಲವನ್ನು ಕಲಬುರಗಿಯ ಆಡುಮಾತಿನಲ್ಲೇ ‘ಬದುಕು’ ಕಾದಂಬರಿಗೆ ತಂದರು; 2004ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು. ದಾಖಲೆಗಳು ಹೆಸರಿಸದೆ ಬಿಟ್ಟ ಹೆಣ್ಣುಗಳ ಚರಿತ್ರೆಯನ್ನು ಉಳಿಸಿಕೊಟ್ಟ ಈ ಕೃತಿಯನ್ನು ಗಡಿಸೀಮೆಯ ಇತಿಹಾಸಕಾರರೂ ಓದಲೇಬೇಕು.