ಪುಟ್ಟ ಹಡಗಿನ ಹಾಯಿ

ಮೈಸೂರಿಗೂ ಕಡಲಿಗೂ ನಡುವೆ ಘಟ್ಟಸಾಲೇ ಅಡ್ಡವಾಗಿದೆ. ಆದರೂ ನಮ್ಮ ರಾಜೀವನಗರದ ನೆರೆಮನೆಯ ಹುಡುಗನೊಬ್ಬ ಶಾಲೆಯ ವಸ್ತುಪ್ರದರ್ಶನಕ್ಕೆಂದು ಮರದ ಹಡಗೊಂದನ್ನು ಮಾಡಿದ. ಒಡಲು ಚೆನ್ನಾಗಿಯೇ ಬಂದಿತ್ತು. ಹಲಗೆಗಳನ್ನು ಉಜ್ಜಿ ನಯಗೊಳಿಸಿ, ಕೂವೆಮರವನ್ನು ನೆಟ್ಟಗೆ ನಿಲ್ಲಿಸಿದ್ದ. ಆದರೆ ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿಯ ಬಟ್ಟೆಯ ಚೌಕವೊಂದನ್ನು ಅದಕ್ಕೆ ಕಟ್ಟಿದೊಡನೆ ಹಡಗು ಹೋಗಿ ಆಟಿಕೆಯಾಯಿತು. "ಸಾರ್, ಹಾಯಿ ಹಾಯಿಯ ಹಾಗೆ ಕಾಣ್ತಾ ಇಲ್ಲ, ಕರವಸ್ತ್ರ ಒಣಗಹಾಕಿದ ಹಾಗಿದೆ" ಎಂದು ಅವನೇ ಒಪ್ಪಿಕೊಂಡ. ಕನ್ನಡದ ಮೇಷ್ಟರಾದ ನನಗೆ ಬಡಗಿಯ ವಿದ್ಯೆ ಬಾರದು. ಆದರೆ ಅವನ ತೊಡಕಿಗೆ ಉತ್ತರ ಮರದಲ್ಲಿಲ್ಲ, ಚರಿತ್ರೆಯಲ್ಲಿದೆ ಎಂದು ತೋರಿ ಪುಸ್ತಕಗಳನ್ನು ತೆರೆದು ಕುಳಿತೆ.

ಮೊದಲು ಸಿಕ್ಕಿದ್ದು ಒಂದು ಶಬ್ದ. ತಮಿಳಿನಲ್ಲಿ 'ಪಾಯ್', ಮಲಯಾಳದಲ್ಲಿ 'ಪಾಯ' ಎಂದರೆ ಚಾಪೆಯೂ ಹೌದು, ಹಡಗಿನ ಹಾಯಿಯೂ ಹೌದು. ಹಳಗನ್ನಡದ 'ಪಾಲು' ಇಂದಿನ 'ಹಾಲು' ಆದಂತೆ, ಆ ಮಾತೇ ನಮ್ಮಲ್ಲಿ 'ಹಾಯಿ'ಯಾಗಿ ನಿಂತಿದೆ. ಚಾಪೆಯೆಂಬ ಅರ್ಥವನ್ನು ನಾವು ಮರೆತೆವು. ಓಲೆಯ ಚಾಪೆಗಳನ್ನು ಹೆಣೆದು ಗಾಳಿಗೆ ಒಡ್ಡುತ್ತಿದ್ದ ಕಾಲದ ನೆನಪು ಅದರಲ್ಲಿ ಅಡಗಿದೆ. 'ಪಟ'ವಾದರೋ ಸಂಸ್ಕೃತದ ಬಟ್ಟೆ. ಹಾಯಿಪಟ ಎಂಬ ಒಂದೇ ಮಾತಿನಲ್ಲಿ ಚಾಪೆಯೂ ಅರಿವೆಯೂ ಜೊತೆಗೂಡಿವೆ.

ಶಬ್ದ ಉಳಿಯಿತು, ವಸ್ತು ಉಳಿಯಲಿಲ್ಲ. ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ತನ್ನೊಡೆಯ ಇಮ್ಮಡಿ ಪುಲಕೇಶಿಯು ಮದಗಜಗಳಂತಹ ನೂರಾರು ಹಡಗುಗಳಿಂದ ಪಶ್ಚಿಮ ಸಮುದ್ರದ ಪುರೀ ನಗರವನ್ನು ಮುತ್ತಿದನೆಂದು ಹೊಗಳುತ್ತಾನೆ. ಅವುಗಳ ಹಾಯಿ ಯಾವ ಬಟ್ಟೆಯದೆಂದು ಹೇಳುವುದು ಕವಿಯ ಕೆಲಸವಾಗಿರಲಿಲ್ಲ. ಅಜಂತೆಯ ಎರಡನೆಯ ಗುಹೆಯ ಚಿತ್ರಕಾರನು ಮೂರು ಕೂವೆಮರಗಳ ಹಡಗನ್ನೂ ಅದರ ನೀಳವಾದ ಹಾಯಿಗಳನ್ನೂ ಬರೆದಿದ್ದಾನೆ, ಹೊಲಿಗೆಯನ್ನು ಬರೆದಿಲ್ಲ. ಕಲ್ಲು ಸಾವಿರ ವರ್ಷ ಬಾಳುತ್ತದೆ, ತೇಗ ನೂರು ವರ್ಷ ಬಾಳುತ್ತದೆ. ಬಿಸಿಲು, ಉಪ್ಪು, ಮಳೆಗಾಲದ ಬೂಸಲುಗಳ ನಡುವೆ ಹತ್ತಿಯ ಬಟ್ಟೆ ಎಷ್ಟು ವರ್ಷ ಬಾಳೀತು?

ನಮ್ಮ ಮೈಸೂರು ಸೀಮೆಯ ಅರಸೊತ್ತಿಗೆಗೂ ಕಡಲಿನ ಕನಸು ಇದ್ದಿತು. 1786ರಲ್ಲಿ ಟಿಪ್ಪು ಸುಲ್ತಾನನ ರಾಯಭಾರಿಗಳು ಉತ್ತರ ಕನ್ನಡದ ತದಡಿ ಬಂದರಿನಿಂದ ನಾಲ್ಕು ಹಡಗುಗಳಲ್ಲಿ ತುರ್ಕಿಯ ದೊರೆಯ ಬಳಿಗೆ ಹೊರಟರು. ಮುಂದೆ 1796ರಲ್ಲಿ 20 ದೊಡ್ಡ ಯುದ್ಧನೌಕೆಗಳನ್ನೂ 20 ಫ್ರಿಗೇಟುಗಳನ್ನೂ ಕಟ್ಟಬೇಕೆಂಬ ಆಜ್ಞೆ ಹೊರಟಿತು. ಅವುಗಳ ಮಾದರಿಯನ್ನು ಸುಲ್ತಾನನೇ ಒದಗಿಸಿದನೆಂದು ಚರಿತ್ರಕಾರರು ಬರೆಯುತ್ತಾರೆ. ಕಡಲಿಲ್ಲದ ಶ್ರೀರಂಗಪಟ್ಟಣದಿಂದ ಕರಾವಳಿಗೆ ಹೋದ ಹಡಗಿನ ಮಾದರಿ! 1799ರಲ್ಲಿ ಪಟ್ಟಣವೇ ಬಿದ್ದುದರಿಂದ ಆ ಕನಸು ಅಲ್ಲಿಗೇ ನಿಂತಿತು.

ವ್ಯಾಪಾರದ ಹಾಯಿಗಳು ಮಾತ್ರ ಇಳಿಯಲಿಲ್ಲ. ಕನ್ನಡ ಕರಾವಳಿಯಲ್ಲಿ ಪತ್ತೇಮಾರಿ, ಮಂಜಿ, ಮಚ್ವೆಗಳು ಅಕ್ಕಿ, ತೆಂಗು, ಮರಗಳನ್ನೂ, 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಂಚುಗಳನ್ನೂ ಹೊತ್ತು ಸಾಗಿದುವು. ಈ ಹಡಗುಗಳಿಗೆ ನಕ್ಷೆಯಿರಲಿಲ್ಲ. ಕಟ್ಟುವವರ ಕಣ್ಣಳತೆಯೇ ನಕ್ಷೆ. ಜಾನ್ ಎಡೈ ಎಂಬ ಇಂಗ್ಲಿಷ್ ನೌಕಾಶಿಲ್ಪಿ 1834ರಲ್ಲಿ ಪ್ರಕಟಿಸಿದ ಲೇಖನದಲ್ಲಿ ದೊಡ್ಡ ಪತ್ತೇಮಾರಿಯ ಉದ್ದ 76 ಅಡಿ, ಭಾರ ಸುಮಾರು 200 ಟನ್ ಎಂದು ಅಳತೆ ಕೊಟ್ಟ. ಫ್ರಾನ್ಸಿನ ನೌಕಾಧಿಕಾರಿ ಪಾರಿ ಎಂಬಾತ ಊರೂರ ಬಂದರುಗಳಲ್ಲಿ ದೋಣಿಗಳನ್ನು ಅಳೆದು ಚಿತ್ರ ಬರೆದುದಲ್ಲದೆ, ಮುಂದೆ ಪ್ಯಾರಿಸ್ಸಿನ ನೌಕಾ ಸಂಗ್ರಹಾಲಯಕ್ಕಾಗಿ ಅವುಗಳ ಮಾದರಿಗಳನ್ನೂ ಮಾಡಿಸಿದ. ಮೂಲ ಹಡಗುಗಳು ಒಡೆದು ಸೌದೆಯಾದುವು, ಮಾದರಿಗಳು ಉಳಿದುವು. ಪುಟ್ಟ ಹಡಗೆಂದರೆ ಬರಿಯ ಆಟಿಕೆಯಲ್ಲ ಎಂಬುದಕ್ಕೆ ಇಷ್ಟು ಸಾಕು.

ಇದನ್ನೆಲ್ಲ ಓದಿದ ಮೇಲೆ ಹುಡುಗನ ಹಡಗಿನ ತಪ್ಪುಗಳು ಒಂದೊಂದಾಗಿ ಕಂಡುವು. ಅವನು ಕಟ್ಟಿದ್ದು ನಮ್ಮ ಕರಾವಳಿಯ ಒಡಲು, ಏರಿಸಿದ್ದು ಯೂರೋಪಿನ ಚೌಕ ಹಾಯಿ. ಪತ್ತೇಮಾರಿಯ ಕೂವೆಮರ ಮುಂದಕ್ಕೆ ಬಾಗಿರುತ್ತದೆ. ಅದಕ್ಕೆ ಓರೆಯಾಗಿ ತೂಗುವ ಉದ್ದನೆಯ ಅಡ್ಡಮರದಲ್ಲಿ ಹಾಯಿ ಇಳಿಬಿದ್ದಿರುತ್ತದೆ. ಮುಂದಿನ ಅಂಚು ಬಲು ಚಿಕ್ಕದಾದುದರಿಂದ ದೂರಕ್ಕೆ ಮುಕ್ಕೋನದಂತೆ ಕಾಣುತ್ತದೆ. ಇನ್ನು ಹಾಯಿ ಒಂದೇ ಬಟ್ಟೆಯಲ್ಲ. ಮಗ್ಗದ ಅಗಲ ಎಷ್ಟೋ ಅಷ್ಟೇ ಅಗಲದ ಪಟ್ಟಿಗಳನ್ನು ಹಿಂದಿನ ಅಂಚಿಗೆ ಸಮನಾಗಿ ಸಾಲಾಗಿ ಹೊಲಿದು, ಸುತ್ತಲೂ ಅಂಚಿಗೆ ಹಗ್ಗ ಕೂಡಿಸಿ ಮಾಡಿದ್ದು. ಆ ಹೊಲಿಗೆಯ ಗೆರೆಗಳಿಲ್ಲದ ಹಾಯಿ ಕರವಸ್ತ್ರವಾಗದೆ ಇನ್ನೇನಾದೀತು?

ಲೆಕ್ಕ ಹಾಕಿ ನೋಡೋಣ. ಅಡಿಗೆ ಕಾಲಂಗುಲದಂತೆ, ಎಂದರೆ 48ಕ್ಕೆ ಒಂದರಂತೆ ಕುಗ್ಗಿಸಿದರೆ 76 ಅಡಿಯ ಪತ್ತೇಮಾರಿ 19 ಅಂಗುಲದ್ದಾಗುತ್ತದೆ. ಎರಡಡಿ ಅಗಲದ ಪಟ್ಟಿಗೆ ಅರ್ಧ ಅಂಗುಲ. ಆದರೆ ಒಂದು ಮಿಲಿಮೀಟರು ದಪ್ಪದ ಹಾಯಿಬಟ್ಟೆ ಅದೇ ಲೆಕ್ಕದಲ್ಲಿ ತಲೆಗೂದಲಿಗಿಂತ ತೆಳ್ಳಗಾಗಬೇಕು. ಅಂತಹ ಅರಿವೆಯನ್ನು ಎಲ್ಲಿಂದ ತರೋಣ? ಮರವನ್ನು ಕುಗ್ಗಿಸಬಹುದು, ನೂಲನ್ನು ಕುಗ್ಗಿಸಲಾಗದು. ಆದ್ದರಿಂದ ಒಗೆದೊಗೆದು ಗಂಜಿ ಬಿಟ್ಟ ತೆಳು ಪಂಚೆಯೇ ಗತಿ. ನನ್ನ ಹಳೆಯ ಪಂಚೆಯೊಂದು ಹೀಗೆ ಸಾರ್ಥಕವಾಯಿತು. ತೆಳುವಾದ ಕಾಫಿ ಡಿಕಾಕ್ಷನ್ನಿನಲ್ಲಿ ಅದ್ದಿ ಬಿಳುಪನ್ನು ಕಳೆದೆವು. ಎಳೆಯ ದಿಕ್ಕು ಹಿಂದಿನ ಅಂಚಿಗೆ ಸಮನಾಗುವಂತೆ ಕತ್ತರಿಸಿ, ಅರ್ಧ ಅಂಗುಲಕ್ಕೊಂದು ಹೊಲಿಗೆ ಹಾಕಿಸಿ, ಅಂಚಿಗೆ ದಪ್ಪ ದಾರ ಕೂಡಿಸಿದೆವು. ನೀರು ಬೆರೆಸಿದ ಅಂಟನ್ನು ಸವರಿ ದುಂಡು ಪಾತ್ರೆಯ ಬೆನ್ನ ಮೇಲೆ ಒಣಗಿಸಿದಾಗ ಅದು ಗಾಳಿ ತುಂಬಿದಂತೆ ಉಬ್ಬಿ ನಿಂತಿತು.

ಹಾಯಿಗಳು ಬಹಳ ಹಿಂದೆ ಇಳಿದುವಲ್ಲ. 1950ರ ದಶಕದಿಂದೀಚೆಗೆ ಯಂತ್ರಗಳು ಬಂದುವು. ಹೊಲಿದವರು ಸೂಜಿಯನ್ನು ಕೆಳಗಿಟ್ಟರು. ಎಷ್ಟು ಸಡಿಲ ಬಿಟ್ಟರೆ ಗಾಳಿ ತುಂಬುತ್ತದೆ, ಎಲ್ಲಿ ಬಿಗಿದರೆ ಹರಿಯುವುದಿಲ್ಲ ಎಂಬ ಅರಿವು ಅವರ ಬೆರಳುಗಳಲ್ಲಿದ್ದಿತೇ ಹೊರತು ಕಾಗದದ ಮೇಲೆ ಇರಲಿಲ್ಲ. ಆ ಕೈಗಳು ಈಗ ಮುದಿಯಾಗಿವೆ.

ಕಳೆದುಕೊಂಡದ್ದನ್ನು ಮರಳಿ ಪಡೆಯುವುದು ಎಷ್ಟು ದುಡಿಮೆಯ ಕೆಲಸವೆಂಬುದನ್ನು 'ಕೌಂಡಿನ್ಯ' ತೋರಿಸಿದೆ. ಅಜಂತೆಯ ಆ ಚಿತ್ರವನ್ನೇ ಆಧಾರವಾಗಿಟ್ಟುಕೊಂಡು, ಕೇರಳದ ಕುಶಲಕರ್ಮಿಗಳು ಹಲಗೆಗಳನ್ನು ನಾರಿನ ಹುರಿಯಿಂದ ಹೊಲಿದು ಕಟ್ಟಿದ ನೌಕೆ ಅದು. ನಕ್ಷೆಯಿಲ್ಲದ ಕಾರಣ ಮೊದಲು ಮದರಾಸಿನ ಐ.ಐ.ಟಿ.ಯಲ್ಲಿ ಮಾದರಿಯನ್ನು ನೀರಿಗಿಟ್ಟು ಪರೀಕ್ಷಿಸಿದರು. 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿ ಅದು ನೌಕಾಪಡೆಯನ್ನು ಸೇರಿತು. ಅದರ ಹಾಯಿಯ ಮೇಲಿರುವ ಲಾಂಛನ ಯಾವುದು ಗೊತ್ತೆ? ಮೈಸೂರಿಗರಿಗೆ ಪರಿಚಯ ಹೇಳಬೇಕಾಗಿಲ್ಲದ ಗಂಡಭೇರುಂಡ.

ಇದನ್ನು ಕೇಳಿದ ಹುಡುಗ ತನ್ನ ಹಾಯಿಯ ಮೇಲೂ ಗಂಡಭೇರುಂಡವನ್ನು ಬರೆಯುವೆನೆಂದು ಹಟ ಹಿಡಿದ. ಅಕ್ಕಿ, ಹೆಂಚು ಸಾಗಿಸುತ್ತಿದ್ದ ಪತ್ತೇಮಾರಿಗೆ ಅರಸರ ಲಾಂಛನ ಸಲ್ಲದಪ್ಪಾ ಎಂದು ತಡೆದೆ. ಬದಲಿಗೆ ಹಾಯಿಯ ಮೂಲೆಯಲ್ಲಿ ಒಂದು ಚಿಕ್ಕ ತೇಪೆಯನ್ನು ಹಾಕಿಸಿದೆ. ಕಡಲಿಗಿಳಿದ ಹಾಯಿಗೆ ತೇಪೆಯಿಲ್ಲದೆ ಇರುವುದು ಸಾಧ್ಯವೆ?