ಎರಡು ಎಕರೆ ಹತ್ತು ಗುಂಟೆ ಗಾಂಧಿ ಜಯಂತಿ ಆದದ್ದು ಹೇಗೆ?

ಎಕ್ಸೆಲ್ ಶೀಟಿನ ಖಾಲಿ ಸೆಲ್ಲಿನಲ್ಲಿ 2-10 ಎಂದು ಟೈಪ್ ಮಾಡಿ ಎಂಟರ್ ಒತ್ತಿ ನೋಡಿ. ನೀವು ಬರೆದದ್ದು ಎರಡು ಎಕರೆ ಹತ್ತು ಗುಂಟೆ. ಅದು ಓದಿಕೊಂಡದ್ದು ಅಕ್ಟೋಬರ್ 2. ಪಕ್ಕದ ಸೆಲ್ಲಿಗೆ ಸರ್ವೆ ನಂಬರ್ 12/3 ಹಾಕಿ, ಮಾರ್ಚ್ 12 ಆಗುತ್ತದೆ. ಕಂಪ್ಯೂಟರಿನ ಸೆಟ್ಟಿಂಗ್ ಅಮೆರಿಕದ ಪದ್ಧತಿಯಲ್ಲಿದ್ದರೆ ಅದೇ ಹಿಸ್ಸಾ ಡಿಸೆಂಬರ್ 3ಕ್ಕೆ ಹೋಗಿ ಕೂರುತ್ತದೆ. ಇಂಥದ್ದು ಪಟ್ಟಿಯಲ್ಲಿ ಕಂಡಾಗಲೆಲ್ಲ ಬೈಗುಳ ಬೀಳುವುದು ಡಾಟಾ ಎಂಟ್ರಿ ಆಪರೇಟರ್‌ಗೆ. ಪಾಪ, ಆಕೆ ಸರಿಯಾಗಿಯೇ ಹೊಡೆದಿರುತ್ತಾಳೆ. ಇದರ ಬೇರು ಹಿಡಿದು ಹೊರಟರೆ ನಾಲ್ಕು ದಶಕ ಹಿಂದಿನ ಅಮೆರಿಕಕ್ಕೆ ಹೋಗಬೇಕು.

ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಲ್ಲಿ ಓದುತ್ತಿದ್ದ ಡ್ಯಾನ್ ಬ್ರಿಕ್ಲಿನ್‌ಗೆ ತರಗತಿಯ ಬೋರ್ಡ್ ನೋಡಿ ಒಂದು ಯೋಚನೆ ಬಂತು. ಒಂದು ಅಂಕಿ ಬದಲಾದರೆ ಮೇಷ್ಟ್ರು ಇಡೀ ಲೆಕ್ಕ ಅಳಿಸಿ ಮತ್ತೆ ಬರೆಯಬೇಕಿತ್ತು. ಅದು ತಾನಾಗಿಯೇ ಬದಲಾಗುವಂತಿದ್ದರೆ? ಗೆಳೆಯ ಬಾಬ್ ಫ್ರಾಂಕ್‌ಸ್ಟನ್ ಜೊತೆ ಸೇರಿ 1979ರಲ್ಲಿ ಆಪಲ್ 2 ಕಂಪ್ಯೂಟರಿಗೆ ವಿಸಿಕ್ಯಾಲ್ಕ್ ತಂದ. 254 ಸಾಲು, 63 ಕಾಲಂ, ಅಷ್ಟೇ. ಅದರಲ್ಲಿ ಒಂದು ನಿಯಮವಿತ್ತು. ಒತ್ತಿದ ಮೊದಲ ಕೀ ಅಕ್ಷರವಾದರೆ ಅದು ಹೆಸರು, ಅಂಕಿಯಾದರೆ ಅದು ಲೆಕ್ಕ. ಅಂಕಿಯಿಂದ ಶುರುವಾಗುವ ಹೆಸರು ಬರೆಯಬೇಕೆಂದರೆ ಮೊದಲು ಉದ್ಧರಣ ಚಿಹ್ನೆ ಹಾಕಿ ತಿಳಿಸಬೇಕು. ಅಲ್ಲಿ 12/3 ಎಂದರೆ ತಾರೀಖಲ್ಲ, ಭಾಗಾಕಾರ. ಉತ್ತರ 4.

1983ರಲ್ಲಿ ಮಿಚ್ ಕೇಪರ್ ಕಂಪನಿಯ ಲೋಟಸ್ 1-2-3 ಬಂದು ಪೇಟೆ ಹಿಡಿಯಿತು. ಅಂಕಿಯನ್ನು ಬರಹವೆಂದು ಇಡಲು ಮುಂದೆ ಒಂಟಿ ಉದ್ಧರಣ ಚಿಹ್ನೆ ಹಾಕುವ ಪದ್ಧತಿ ಅದರದ್ದು, ಇವತ್ತಿಗೂ ಎಕ್ಸೆಲ್‌ನಲ್ಲಿ ಕೆಲಸ ಮಾಡುತ್ತದೆ. ತಾರೀಖನ್ನು 1900ರ ಜನವರಿ 1ರಿಂದ ದಿನ ಎಣಿಸಿ ಬರೀ ಒಂದು ಸಂಖ್ಯೆಯಾಗಿ ಇಟ್ಟುಕೊಳ್ಳುವ ಪದ್ಧತಿಯೂ ಅಲ್ಲಿತ್ತು. ಆ ಎಣಿಕೆಯಲ್ಲಿ 1900ರ ಫೆಬ್ರವರಿ 29 ಎಂಬ ಇಲ್ಲದ ದಿನವೊಂದು ಸೇರಿಕೊಂಡಿದೆ. ಲೋಟಸ್ ಫೈಲುಗಳು ತನ್ನಲ್ಲೂ ತೆರೆಯಬೇಕೆಂದು ಎಕ್ಸೆಲ್ ಆ ತಪ್ಪನ್ನೂ ಹಾಗೇ ಉಳಿಸಿಕೊಂಡಿತು.

ಎಕ್ಸೆಲ್ 1985ರಲ್ಲಿ ಮ್ಯಾಕ್‌ಗೆ, 1987ರಲ್ಲಿ ವಿಂಡೋಸ್‌ಗೆ ಬಂತು. ಇದರಲ್ಲಿ ಲೆಕ್ಕ ಬೇಕಾದರೆ ಮೊದಲು ಸಮ ಚಿಹ್ನೆ ಒತ್ತಬೇಕು. ಹಾಗಾಗಿ ಬರೀ 12/3 ಎಂದು ಹೊಡೆದರೆ ಅದು ಭಾಗಾಕಾರವಲ್ಲ. ಮತ್ತೇನು? ತಾರೀಖೇ ಇರಬೇಕು ಎಂದು ಎಕ್ಸೆಲ್ ಊಹಿಸಿತು. ಲೆಡ್ಜರ್ ಬರೆಯುವವರಿಗೆ ಈ ಊಹೆ ದೊಡ್ಡ ಉಪಕಾರ, ವರ್ಷ ಹೊಡೆಯುವ ಕೆಲಸವೂ ಉಳಿಯಿತು. ಸರ್ವೆ ನಂಬರಿಗೆ ಹಿಸ್ಸಾ ಇರುತ್ತದೆ, ಜಮೀನನ್ನು ಎಕರೆ-ಗುಂಟೆಯಲ್ಲಿ ಬರೆಯುತ್ತಾರೆ ಎಂದು ಅಲ್ಲಿ ಯಾರಿಗೆ ಗೊತ್ತಿರಬೇಕು?

ನಾನು ವರದಿ ಮಾಡುವ ಕಡೆ ಬೆಳೆಹಾನಿ ಪಟ್ಟಿಯೊಂದು ನೋಟಿಸ್ ಬೋರ್ಡಿಗೆ ಬಂದಿತ್ತು. ಸರ್ವೆ ನಂಬರಿನ ಕಾಲಂನಲ್ಲಿ 145/2 ಹಾಗೇ ಇದೆ, ಯಾಕೆಂದರೆ 145 ಎಂಬ ದಿನವೂ ಇಲ್ಲ, ತಿಂಗಳೂ ಇಲ್ಲ. ಸಣ್ಣ ನಂಬರಿನವರದು ಮಾತ್ರ ಕೆಟ್ಟಿದೆ. ಇದನ್ನು ಕಂಡ ಯಾರೋ 'ಸರಿಮಾಡಲು' ಹೋಗಿ ಕಾಲಮನ್ನು ನಂಬರ್ ಫಾರ್ಮ್ಯಾಟಿಗೆ ಬದಲಿಸಿದ್ದರು. ಆಗ 12/3 ಇದ್ದಲ್ಲಿ 45363 ಬಂತು. ಅದು 2024ರ ಮಾರ್ಚ್ 12ರ ದಿನದೆಣಿಕೆ. 'ನಮ್ಮೂರಲ್ಲಿ ಅಷ್ಟು ದೊಡ್ಡ ಸರ್ವೆ ನಂಬರ್ ಎಲ್ಲಿದೆ ಸಾರ್, ನಮ್ಮ ಹೊಲ ಎಲ್ಲಿಗೆ ಹೋಯ್ತು?' ಎಂದು ಕೇಳಿದ ಅಜ್ಜನಿಗೆ ಕೌಂಟರಿನಲ್ಲಿ ಸಿಕ್ಕ ಉತ್ತರ 'ಸಿಸ್ಟಂನಲ್ಲಿ ಹಾಗೇ ಇದೆ'.

ವಿಸ್ತೀರ್ಣದ ಕಾಲಂನಲ್ಲಿ ಕಣ್ಣಿಗೆ ಬೀಳದ ಇನ್ನೊಂದು ಅಪಾಯವಿದೆ. ತಾರೀಖಿನ ಕಾಟ ತಪ್ಪಿಸಲು 2.10 ಎಂದು ಚುಕ್ಕಿ ಹಾಕಿದಿರಿ ಎನ್ನಿ. ಕೊನೆಯ ಸೊನ್ನೆ ಉದುರಿ 2.1 ಆಗುತ್ತದೆ. ಓದುವವರಿಗೆ ಹತ್ತು ಗುಂಟೆ ಒಂದು ಗುಂಟೆಯಾಯಿತು! ಕೂಡಿಸಿದರೂ ಕಷ್ಟ. 1.20 ಮತ್ತು 1.20 ಸೇರಿದರೆ 40 ಗುಂಟೆಗೆ ಒಂದು ಎಕರೆ ಲೆಕ್ಕದಲ್ಲಿ ಮೂರು ಎಕರೆ, ಶೀಟ್ ಹೇಳುವುದು 2.4. ಎಕರೆಗೊಂದು, ಗುಂಟೆಗೊಂದು ಕಾಲಂ ಮಾಡುವುದೇ ಇದಕ್ಕೆ ಸರಿಯಾದ ದಾರಿ.

ಇದು ನಮ್ಮೊಬ್ಬರ ಗೋಳಲ್ಲ. ಜೀವವಿಜ್ಞಾನಿಗಳು ಮಾರ್ಚ್1, ಸೆಪ್ಟ್2 ಎಂದು ಹೆಸರಿಟ್ಟಿದ್ದ ಜೀನ್‌ಗಳೂ ತಾರೀಖುಗಳಾದವು. 2004ರಲ್ಲೇ ಇದರ ಬಗ್ಗೆ ಪ್ರಬಂಧ ಬಂದಿತ್ತು. ಜೀನ್ ಪಟ್ಟಿಯ ಎಕ್ಸೆಲ್ ಫೈಲ್ ಲಗತ್ತಿಸಿದ ಪ್ರಬಂಧಗಳಲ್ಲಿ ಸುಮಾರು ಐದನೇ ಒಂದು ಭಾಗದಲ್ಲಿ ಈ ತಪ್ಪಿದೆ ಎಂದು 2016ರಲ್ಲಿ ಇನ್ನೊಂದು ತಂಡ ಎಣಿಸಿ ತೋರಿಸಿತು. ಕೊನೆಗೆ 2020ರ ಹೊತ್ತಿಗೆ ಬದಲಾದದ್ದು ಎಕ್ಸೆಲ್ ಅಲ್ಲ, ಜೀನ್‌ಗಳ ಹೆಸರು. ಮಾರ್ಚ್1 ಹೋಗಿ ಮಾರ್ಚ್‌ಎಫ್1 ಆಯಿತು. ವಿಜ್ಞಾನಿಗಳಿಗೆ ಹೆಸರು ಬದಲಿಸುವ ಸಮಿತಿ ಇದೆ. ಪಹಣಿಯಲ್ಲಿರುವ ಸರ್ವೆ ನಂಬರನ್ನು ಎಕ್ಸೆಲ್‌ಗೋಸ್ಕರ ಬದಲಿಸಲಾದೀತೇ?

ಅದೇ ವರ್ಷ ಇಂಗ್ಲೆಂಡಿನಲ್ಲಿ ಇನ್ನೂ ದೊಡ್ಡ ಎಡವಟ್ಟು ನಡೆಯಿತು. ಲ್ಯಾಬ್‌ಗಳಿಂದ ಬಂದ ಕೋವಿಡ್ ಫಲಿತಾಂಶಗಳನ್ನು ಹಳೆಯ ಮಾದರಿಯ ಎಕ್ಸೆಲ್ ಫೈಲಿಗೆ ತುಂಬುತ್ತಿದ್ದರು. ಆ ಫೈಲಿನಲ್ಲಿ ಹಿಡಿಯುವುದು 65,536 ಸಾಲು ಮಾತ್ರ. ಮಿಕ್ಕವು ಸದ್ದಿಲ್ಲದೆ ಹೊರಗುಳಿದವು. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ 15,841 ಪಾಸಿಟಿವ್ ಪ್ರಕರಣಗಳು ದಿನದ ಲೆಕ್ಕಕ್ಕೆ ಬರಲೇ ಇಲ್ಲ, ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು ತಡವಾಯಿತು.

ಈಗ ಫಾರಂ ವಿಚಾರಕ್ಕೆ ಬರೋಣ. ನೇರ ಸೆಲ್ಲಿಗೆ ಹೊಡೆಯದೆ ಫಾರಂ ಮೂಲಕ ತುಂಬಿಸಿದರೆ ತಪ್ಪಾಗದು ಎಂಬ ನಂಬಿಕೆ ಕಚೇರಿಗಳಲ್ಲಿದೆ. ಎಕ್ಸೆಲ್‌ನದೇ ಡಾಟಾ ಫಾರಂ 32 ಕಾಲಂ ದಾಟಿದರೆ ತೆರೆಯುವುದೇ ಇಲ್ಲ. 2007ರ ಆವೃತ್ತಿಯಿಂದ ಅದು ಮೆನುವಿನಲ್ಲೂ ಕಾಣುವುದಿಲ್ಲ, ಹುಡುಕಿ ಸೇರಿಸಿಕೊಳ್ಳಬೇಕು. ಮುಖ್ಯವಾಗಿ, ಫಾರಂ ಬರೀ ಬಾಗಿಲು. ಒಳಗೆ ಹೋದದ್ದು ಏನಾಗಬೇಕೆಂದು ನಿರ್ಧರಿಸುವುದು ಸೆಲ್ಲೇ.

ಮ್ಯಾಕ್ರೋ ಬರೆದು ಮಾಡಿದ ಫಾರಂನಲ್ಲಿ ಇನ್ನೊಂದು ವಿಚಿತ್ರವಿದೆ. ಆ ಭಾಷೆ ತಾರೀಖಿನ ಬರಹವನ್ನು ಸೆಲ್ಲಿಗೆ ಇಡುವಾಗ ಅಮೆರಿಕದ ಕ್ರಮದಲ್ಲಿ, ತಿಂಗಳು ಮೊದಲು ಎಂದು ಓದುತ್ತದೆ. 03/04/2020 ಎಂದರೆ ಮಾರ್ಚ್ 4. ತಿಂಗಳ 13ರಿಂದ ಮುಂದಿನ ದಿನಗಳು ಅದಲುಬದಲಾಗುವುದಿಲ್ಲ, 13ನೇ ತಿಂಗಳೇ ಇಲ್ಲವಲ್ಲ. ಹಾಗಾಗಿ ಪಟ್ಟಿಯಲ್ಲಿ ಮೊದಲ ಹನ್ನೆರಡು ದಿನಗಳ ತಾರೀಖು ಮಾತ್ರ ಕೆಟ್ಟಿದ್ದರೆ ಗುಮಾನಿ ಪಡಬೇಕಾದದ್ದು ಮ್ಯಾಕ್ರೋ ಮೇಲೆ. ವೃದ್ಧಾಪ್ಯ ವೇತನದ ಪಟ್ಟಿಯಲ್ಲಿ ಹುಟ್ಟಿದ ವರ್ಷ ಎರಡೇ ಅಂಕಿಯಲ್ಲಿ ಹಾಕಿದರೆ ಕತೆಯೇ ಬೇರೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ 29ರವರೆಗಿನದು 2000ದ ಲೆಕ್ಕಕ್ಕೆ ಹೋಗುತ್ತದೆ. 1928ರಲ್ಲಿ ಹುಟ್ಟಿದ ಅಜ್ಜಿ 2028ರಲ್ಲಿ ಹುಟ್ಟಲಿದ್ದಾಳೆ! ಬ್ಯಾಂಕ್ ಖಾತೆಯ ನಂಬರ್ 15 ಅಂಕಿ ದಾಟಿದರೆ ಮುಂದಿನವೆಲ್ಲ ಸೊನ್ನೆ, ಇದನ್ನು ಮರಳಿ ಪಡೆಯುವ ಉಪಾಯ ಶೀಟಿನೊಳಗಿಲ್ಲ. ಮೂಲ ಅರ್ಜಿಯ ಕಟ್ಟು ಬಿಚ್ಚಬೇಕು.

ಮೊದಲೇ ಕಾಲಂ ಪೂರ್ತಿ ಆಯ್ಕೆ ಮಾಡಿ ಟೆಕ್ಸ್ಟ್ ಎಂದು ಫಾರ್ಮ್ಯಾಟ್ ಕೊಟ್ಟು, ಆಮೇಲೆ ಟೈಪ್ ಮಾಡಲು ಶುರುಮಾಡಿದರೆ ಇದರಲ್ಲಿ ಬಹುಪಾಲು ತಪ್ಪುತ್ತದೆ. ತಡವಾಗಿ ಕೊಟ್ಟರೆ ಪ್ರಯೋಜನವಿಲ್ಲ, 45363 ಎಂಬುದೇ ಬರಹವಾಗಿ ಉಳಿಯುತ್ತದೆ. 2023ರಲ್ಲಿ ಮೈಕ್ರೋಸಾಫ್ಟ್ ತಾನಾಗಿ ಬದಲಿಸುವುದನ್ನು ನಿಲ್ಲಿಸುವ ಆಯ್ಕೆಗಳನ್ನು ಕೊಟ್ಟಿತು. ಮುಂದಿನ ಸೊನ್ನೆ ಉಳಿಯುತ್ತದೆ, ಉದ್ದ ನಂಬರ್ ಬರಹವಾಗಿ ಉಳಿಯುತ್ತದೆ, ಅಕ್ಷರಕ್ಕೆ ಅಂಟಿಕೊಂಡ ಅಂಕಿ ತಾರೀಖಾಗುವುದಿಲ್ಲ. ಅಂದರೆ ಜೀನ್ ಹೆಸರಿಗೆ ಪರಿಹಾರ ಸಿಕ್ಕಿತು. ನಡುವೆ ಗೆರೆಯಿರುವ 12/3, 2-10ಕ್ಕೆ ಆ ಆಯ್ಕೆ ಅನ್ವಯಿಸುವುದಿಲ್ಲ.