ಇಲಿಪಾಷಾಣದ ಕಥೆ

ಇಲಿಯನ್ನು ಕೊಲ್ಲುವ ವಸ್ತು ಯಾವುದೇ ಆಗಿರಲಿ, ನಮ್ಮ ಆಡುಮಾತಿನಲ್ಲಿ ಅದಕ್ಕೆ ಇಲಿಪಾಷಾಣವೆಂದೇ ಹೆಸರು. ಪಾಷಾಣವೆಂದರೆ ಕಲ್ಲು. ಗೌರೀಪಾಷಾಣವೆಂದು ನಮ್ಮ ವೈದ್ಯರು ಕರೆಯುತ್ತಿದ್ದ ಆರ್ಸೆನಿಕ್ಕಿನಿಂದ ಈ ಹೆಸರು ಬಂದಿತು. ಇಂದು ಪೇಟೆಯಲ್ಲಿ ದೊರೆಯುವ ಇಲಿಪಾಷಾಣದಲ್ಲಿ ಬಹುಮಟ್ಟಿಗೆ ಆ ಪಾಷಾಣವಿಲ್ಲ. ಹೆಸರು ಉಳಿದಿದೆ, ವಸ್ತು ಬದಲಾಗಿದೆ. ಅದು ಏಕೆ ಬದಲಾಯಿತೆಂದು ಹುಡುಕುತ್ತ ಹೊರಟರೆ, ಮನುಷ್ಯನ ಬುದ್ಧಿಗೂ ಇಲಿಯ ಬುದ್ಧಿಗೂ ನಡೆದ ಒಂದು ದೀರ್ಘ ವ್ಯಾಜ್ಯದ ಚರಿತ್ರೆ ತೆರೆದುಕೊಳ್ಳುತ್ತದೆ. ಆ ವ್ಯಾಜ್ಯದಲ್ಲಿ ಗೆದ್ದವರು ಯಾರೆಂಬುದನ್ನು ಇಂದು ನಿಮ್ಮೊಡನೆ ವಿಚಾರ ಮಾಡಬೇಕೆಂದಿದ್ದೇನೆ.

ಹಳೆಯ ವಿಷಗಳೆಲ್ಲವೂ ಶೀಘ್ರವಾಗಿ ಕೊಲ್ಲುವಂಥವು. ಆರ್ಸೆನಿಕ್, ಕಾಸರಕದ ಬೀಜದಿಂದ ತೆಗೆದ ಸ್ಟ್ರಿಕ್ನಿನ್, ರಂಜಕ, ನಮ್ಮ ರೈತರಿಗೆ ಇಂದಿಗೂ ಪರಿಚಿತವಾಗಿರುವ ಜಿಂಕ್ ಫಾಸ್ಫೈಡ್ ಎಂಬ ಕಪ್ಪು ಪುಡಿ, ಇವೆಲ್ಲ ಆ ಗುಂಪಿನವು. ಜಿಂಕ್ ಫಾಸ್ಫೈಡ್ ಜಠರದ ಆಮ್ಲವನ್ನು ಸೇರಿದೊಡನೆ ಫಾಸ್ಫೀನ್ ಎಂಬ ವಿಷಾನಿಲವಾಗುತ್ತದೆ. ಆದರೆ ಈ ಶೀಘ್ರತೆಯೇ ಅವುಗಳ ದೋಷವೂ ಹೌದು. ಇಲಿಗೆ ವಾಂತಿ ಮಾಡುವ ಶಕ್ತಿಯಿಲ್ಲ. ಆ ಕೊರತೆಯನ್ನು ತುಂಬುವಂತೆ ಅದಕ್ಕೆ ಅತಿಯಾದ ಸಂಶಯಬುದ್ಧಿಯಿದೆ. ಹೊಸ ತಿನಿಸನ್ನು ಕಂಡರೆ ಮೊದಲು ಚೂರೇ ಚೂರು ರುಚಿ ನೋಡುತ್ತದೆ. ತಿಂದು ಸಂಕಟಪಟ್ಟು ಬದುಕಿ ಉಳಿದರೆ, ಮತ್ತೆ ಆ ತಿನಿಸಿನ ಹತ್ತಿರ ಸುಳಿಯದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿಗೆ ಒಂದೊಂದು ಕಾಳೂ ಅಮೂಲ್ಯವಾಗಿತ್ತು. ಆಗ ಆಕ್ಸ್‌ಫರ್ಡಿನಲ್ಲಿ ಚಾರ್ಲ್ಸ್ ಎಲ್ಟನ್ ಎಂಬ ಪ್ರಾಣಿಶಾಸ್ತ್ರಜ್ಞ ಮತ್ತು ಆತನ ಸಂಗಡಿಗರು ಇಲಿಗಳ ಈ ಸಂಶಯವನ್ನೇ ಅಭ್ಯಾಸದ ವಿಷಯವಾಗಿ ಮಾಡಿಕೊಂಡರು. ಮೊದಲು ಕೆಲವು ದಿನ ವಿಷವಿಲ್ಲದ ತಿನಿಸನ್ನೇ ಇಟ್ಟು, ನಂಬಿಕೆ ಹುಟ್ಟಿದ ಮೇಲೆ ವಿಷ ಬೆರೆಸುವ ಕ್ರಮವನ್ನು ಅವರು ಬೆಳೆಸಿದರು. ಜಿಂಕ್ ಫಾಸ್ಫೈಡ್ ಬಳಸುವ ಮುನ್ನ ಎರಡು ಮೂರು ದಿನ ಬರಿಯ ತಿನಿಸನ್ನಿಡಬೇಕೆಂದು ನಮ್ಮ ರೈತರಿಗೆ ಹೇಳುವ ಬುದ್ಧಿಮಾತಿನ ಹಿಂದೆಯೂ ಇದೇ ತತ್ತ್ವವಿದೆ.

ಇಲಿಯ ಸಂಶಯಕ್ಕೆ ನಿಜವಾದ ಉತ್ತರ ದೊರೆತದ್ದು ದನದ ಕೊಟ್ಟಿಗೆಯಲ್ಲಿ. 1920ರ ದಶಕದಲ್ಲಿ ಕೆನಡಾ ಮತ್ತು ಉತ್ತರ ಅಮೆರಿಕದ ಬಯಲು ಪ್ರಾಂತಗಳಲ್ಲಿ ದನಗಳು ವಿಚಿತ್ರ ರೋಗಕ್ಕೆ ತುತ್ತಾಗತೊಡಗಿದವು. ಕೊಂಬು ಕತ್ತರಿಸಿದರೆ ರಕ್ತ ನಿಲ್ಲದು. ಗಾಯವಿಲ್ಲದಿದ್ದರೂ ಒಳಗೇ ರಕ್ತ ಸೋರಿ ಸಾವು. ಬೂಸಲು ಹಿಡಿದ ಸ್ವೀಟ್ ಕ್ಲೋವರ್ ಎಂಬ ಮೇವೇ ಇದಕ್ಕೆ ಕಾರಣವೆಂದು ಫ್ರಾಂಕ್ ಸ್ಕೋಫೀಲ್ಡ್ ಎಂಬ ಪಶುವೈದ್ಯ ತೋರಿಸಿದ. 1933ರ ಫೆಬ್ರವರಿಯಲ್ಲಿ, ಹಿಮದ ಬಿರುಗಾಳಿಯ ನಡುವೆ, ವಿಸ್ಕಾನ್ಸಿನ್ನಿನ ರೈತನೊಬ್ಬ ಸತ್ತ ಕಡಸನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ, ಆ ಮೇವಿನ ರಾಶಿಯನ್ನೂ ಹೇರಿಕೊಂಡು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞನ ಪ್ರಯೋಗಾಲಯಕ್ಕೆ ಬಂದ. ಲಿಂಕ್ ಮತ್ತು ಆತನ ಶಿಷ್ಯರು ಆರು ವರ್ಷ ದುಡಿದು, 1939ರಲ್ಲಿ ಆ ಮೇವಿನೊಳಗಿನ ವಸ್ತುವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದರು. ಅದಕ್ಕೆ ಡೈಕೌಮರಾಲ್ ಎಂದು ಹೆಸರಾಯಿತು. ಅದರದೇ ಮಾದರಿಯಲ್ಲಿ ಅವರು ರಚಿಸಿದ ಇನ್ನೊಂದು ಸಂಯುಕ್ತ 1948ರಲ್ಲಿ ವಾರ್ಫರಿನ್ ಎಂಬ ಹೆಸರಿನಿಂದ ಇಲಿವಿಷವಾಗಿ ಹೊರಬಂದಿತು.

ವಾರ್ಫರಿನ್ನಿನ ಜಾಣತನ ಅದರ ನಿಧಾನದಲ್ಲಿದೆ. ರಕ್ತ ಹೆಪ್ಪುಗಟ್ಟಲು ಬೇಕಾದ ಪದಾರ್ಥಗಳನ್ನು ಯಕೃತ್ತು ವಿಟಮಿನ್ 'ಕೆ'ಯ ನೆರವಿನಿಂದ ತಯಾರಿಸುತ್ತದೆ. ಈ ವಿಷ ಆ ನೆರವನ್ನು ಕಡಿದುಹಾಕುತ್ತದೆ. ಫಲ ಕಾಣಲು ಕೆಲವು ದಿನಗಳೇ ಬೇಕು. ಇಂದು ಬಂದ ಸಂಕಟಕ್ಕೆ ನಾಲ್ಕು ದಿನದ ಹಿಂದೆ ತಿಂದ ಕಾಳು ಕಾರಣವೆಂದು ಇಲಿ ಊಹಿಸಲಾರದು.

ವಿಷವೇ ಔಷಧವಾದದ್ದು ಈ ಕಥೆಯ ಇನ್ನೊಂದು ತಿರುವು. 1951ರಲ್ಲಿ ವಾರ್ಫರಿನ್ ಸೇವಿಸಿದ ಅಮೆರಿಕದ ಸೈನಿಕನೊಬ್ಬ ವಿಟಮಿನ್ 'ಕೆ' ಚಿಕಿತ್ಸೆಯಿಂದ ಪೂರ್ಣವಾಗಿ ಚೇತರಿಸಿಕೊಂಡ. ಇದರಿಂದ ವೈದ್ಯರಿಗೆ ಧೈರ್ಯ ಬಂದಿತು. 1954ರಲ್ಲಿ ಅದಕ್ಕೆ ಮನುಷ್ಯರ ಔಷಧವಾಗಿ ಒಪ್ಪಿಗೆ ದೊರೆಯಿತು; ಮರುವರ್ಷ ಹೃದಯಾಘಾತಕ್ಕೊಳಗಾದ ಅಧ್ಯಕ್ಷ ಐಸನ್‌ಹೋವರನಿಗೇ ಅದನ್ನು ಕೊಟ್ಟರು.

ಆದರೆ ಇಲಿಯ ವಕಾಲತ್ತು ಇನ್ನೂ ಮುಗಿದಿರಲಿಲ್ಲ. 1958ರಲ್ಲಿ ಸ್ಕಾಟ್‌ಲೆಂಡಿನ ಹೊಲಮನೆಗಳಲ್ಲಿ ವಾರ್ಫರಿನ್ ತಿಂದೂ ಸಾಯದ ಇಲಿಗಳು ಕಂಡುಬಂದವು. ಈ ಬಲಕ್ಕೆ ಆಧಾರವಾದ ಜೀನ್ ಯಾವುದೆಂಬುದು 2004ರಲ್ಲಿ ತಿಳಿಯಿತು. ಇದಕ್ಕೆ ಉತ್ತರವಾಗಿ ಮನುಷ್ಯ 1970ರ ದಶಕದಲ್ಲಿ ಡೈಫೆನಕೂಮ್, ಬ್ರೊಡಿಫಕೂಮ್‌ಗಳಂಥ ಪ್ರಬಲ ವಿಷಗಳನ್ನು ತಂದ. ನಮ್ಮ ಅಂಗಡಿಗಳಲ್ಲಿ ಬಿಲ್ಲೆಗಳಾಗಿ ದೊರೆಯುವ ಬ್ರೊಮಾಡಿಯೊಲೋನ್ ಕೂಡ ಇದೇ ಕುಲದ್ದು. ಇವು ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಉಳಿಯಬಲ್ಲವು. ವಿಷ ತಿಂದ ಇಲಿ ಮಂಕಾಗಿ ಬಯಲಿನಲ್ಲಿ ತಿರುಗುತ್ತಿರುವಾಗ ಗೂಬೆಗೆ ಸುಲಭದ ತುತ್ತಾಗುತ್ತದೆ. ವಿಷವೂ ಅದರೊಡನೆ ಗೂಬೆಯ ಹೊಟ್ಟೆ ಸೇರುತ್ತದೆ. ಬ್ರಿಟನ್ನಿನಲ್ಲಿ ಸತ್ತು ಬಿದ್ದ ಕಣಜಗೂಬೆಗಳನ್ನು ಪರೀಕ್ಷಿಸಿದಾಗ, ಬಹುಪಾಲು ಗೂಬೆಗಳ ಯಕೃತ್ತಿನಲ್ಲಿ ಈ ವಿಷದ ಅಂಶ ಕಂಡುಬಂದಿತು. ಇಲಿಯ ಹಗೆಯಾದ ಪಕ್ಷಿಯ ಒಡಲಿಗೇ ನಾವು ವಿಷ ಸೇರಿಸಿದಂತಾಯಿತು. ಮಕ್ಕಳ ಮತ್ತು ವನ್ಯಜೀವಿಗಳ ರಕ್ಷಣೆಗಾಗಿ, ಈ ಬಗೆಯ ವಿಷಗಳನ್ನು ಸಾಮಾನ್ಯ ಗೃಹಸ್ಥರಿಗೆ ಮಾರುವುದನ್ನು ನಿಲ್ಲಿಸಬೇಕೆಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2008ರಲ್ಲಿ ತೀರ್ಮಾನಿಸಿತು.

ಹಾಗಾದರೆ ವ್ಯಾಜ್ಯದ ತೀರ್ಪೇನು? ನನ್ನ ಮಟ್ಟಿಗೆ ಆ ತೀರ್ಪು 1940ರ ದಶಕದಲ್ಲೇ ಬಾಲ್ಟಿಮೋರ್ ನಗರದಲ್ಲಿ ಹೊರಬಿದ್ದಿತ್ತು. ಅಲ್ಲಿ ಯುದ್ಧಕಾಲದಲ್ಲಿ ಬೀದಿಬೀದಿಗೂ ಹೊಸ ವಿಷವನ್ನು ಹಾಕಿದ್ದರು. ಆಮೇಲೆ ಡೇವಿಡ್ ಡೇವಿಸ್ ಎಂಬ ವಿಜ್ಞಾನಿ ಅಲ್ಲಿನ ಇಲಿಗಳ ಲೆಕ್ಕವಿಡುತ್ತ ಬಂದ. ವಿಷದಿಂದ ಎಷ್ಟು ಇಲಿಗಳು ಸತ್ತರೂ, ಉಳಿದವು ಹೆತ್ತು ಮೊದಲಿನ ಸಂಖ್ಯೆಗೇ ಮರಳುತ್ತಿದ್ದವು. ಕಸವನ್ನು ಮುಚ್ಚಿಟ್ಟು, ಹಿತ್ತಿಲನ್ನು ಚೊಕ್ಕಟವಾಗಿರಿಸಿ, ಮನೆಗಳನ್ನು ದುರಸ್ತಿ ಮಾಡಿದಲ್ಲಿ ಮಾತ್ರ ಇಲಿಗಳು ಕಡಿಮೆಯಾಗಿ, ಕಡಿಮೆಯಾಗಿಯೇ ಉಳಿದವು. ಇಲಿಗಳ ಸಂಖ್ಯೆಯನ್ನು ನಿರ್ಣಯಿಸುವುದು ನಾವಿಡುವ ವಿಷವಲ್ಲ, ನಾವು ಚೆಲ್ಲುವ ಅನ್ನ.

ಅವಸರದ ವೇಳೆಯಲ್ಲಿ ವಿಷ ಬೇಕಾಗಬಹುದು, ಇಲ್ಲವೆನ್ನಲಾರೆ. ಆದರೆ ಅದನ್ನೇ ನಂಬಿ ಕುಳಿತವನಿಗೆ ಪ್ರತಿವರ್ಷವೂ ಹೊಸ ಇಲಿ, ಹೊಸ ವಿಷ. ಹಳೆಯ ಮೈಸೂರು ಸೀಮೆಯ ನಮ್ಮ ಹಿರಿಯರು ರಾಗಿಯನ್ನು ಹಗೇವಿನೊಳಗೆ ಸುರಿದು, ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಮೆತ್ತಿ, ವರ್ಷಗಟ್ಟಲೆ ಕಾಪಾಡಿಕೊಳ್ಳುತ್ತಿದ್ದರು. ಆ ಚಪ್ಪಡಿಯೂ ಒಂದು ಪಾಷಾಣವೇ. ಅದರ ಪ್ರಯೋಗದಿಂದ ಯಾವ ಗೂಬೆಯೂ ಸಾಯಲಿಲ್ಲ.